ಬಿಸಿಯ ತುದಿಯ ದ್ವೀಪ

20,000 ವರ್ಷಗಳ ಹಿಂದೆ ಅಬುಧಾಬಿಯಿಂದ ಇರಾನಿಗೆ ನಡೆದೇ ಹೋಗಬಹುದಿತ್ತು. ದಾರಿಯಲ್ಲಿ ಒಂದು ದೊಡ್ಡ ನದಿ ದಾಟಬೇಕಾಗುತ್ತಿತ್ತು, ಅಷ್ಟೆ. ಇಂದು ಇರಾಕಿನ ಬಸ್ರಾದ ಕೆಳಗೆ ಕಡಲು ಸೇರುವ ಟೈಗ್ರಿಸ್-ಯೂಫ್ರೆಟಿಸ್ ನೀರು ಆಗ ಇನ್ನೂ ಸಾವಿರ ಕಿಲೋಮೀಟರಿನಷ್ಟು ಮುಂದಕ್ಕೆ ಹರಿದು, ಹೋರ್ಮುಜ್ ಜಲಸಂಧಿಯನ್ನು ದಾಟಿ, ಒಮಾನಿನ ಕಡಲಿಗೆ ಬೀಳುತ್ತಿತ್ತು. ಈಗ ತೈಲದ ಹಡಗುಗಳು ಸಾಲುಗಟ್ಟಿ ಹೋಗುವ ಜಾಗದಲ್ಲಿ ಕಣಿವೆಯಿತ್ತು, ಜೌಗಿತ್ತು, ಮರಳ ದಿಣ್ಣೆಗಳಿದ್ದವು. ಗಲ್ಫ್ ಎಂದು ನಾವು ಕರೆಯುವ ಈ ಕೊಲ್ಲಿಯ ಸರಾಸರಿ ಆಳ ಬರೀ 35 ಮೀಟರ್. ಹಿಮಯುಗದ ಉತ್ತುಂಗದಲ್ಲಿ ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದಮೇಲೆ ಇಲ್ಲಿ ಕಡಲು ಎಲ್ಲಿಂದ ಬರಬೇಕು? ಆ ನೀರೆಲ್ಲ ಕೆನಡಾದ ಮೇಲೆ, ಸ್ಕ್ಯಾಂಡಿನೇವಿಯಾದ ಮೇಲೆ, ಅಂಟಾರ್ಕ್ಟಿಕಾದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆಯಾಗಿ ಕೂತಿತ್ತು.

ಅದು ಕರಗಿದ ಮೇಲೆ ಗಲ್ಫ್ ತುಂಬಿತು. ಒಂದೇ ದಿನದಲ್ಲಿ ಅಲ್ಲ; ಸುಮಾರು 14,000 ವರ್ಷಗಳ ಹಿಂದೆ ಹೋರ್ಮುಜ್ ಕಡೆಯಿಂದ ಒಳನುಗ್ಗತೊಡಗಿದ ನೀರು ಹಂತಹಂತವಾಗಿ ಏರುತ್ತ, 6,000 ವರ್ಷಗಳ ಹಿಂದೆ ಈಗಿನ ದಡಕ್ಕೆ ಬಂದು ನಿಂತಿತು. ಧ್ರುವಗಳ ಬಗ್ಗೆ ಬರೆಯುವ ಪುಸ್ತಕದಲ್ಲಿ ದುಬೈ-ಅಬುಧಾಬಿಗೆ ಏನು ಕೆಲಸ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದು. ಭೂಮಿಯ ಅತಿ ಬಿಸಿಯಾದ ಈ ಕಡಲು ಧ್ರುವದ ಹಿಮ ಕರಗಿ ಹುಟ್ಟಿದ್ದು. ಇನ್ನೂ ಎರಡು ಮೂರು ಉತ್ತರಗಳಿವೆ, ಮುಂದೆ ಬರುತ್ತವೆ.

ನೀರು ಏರುವುದನ್ನು ಕಣ್ಣಾರೆ ಕಂಡವರೂ ಇದ್ದರು. ಅಬುಧಾಬಿ ನಗರದ ಪಶ್ಚಿಮಕ್ಕಿರುವ ಮರಾವಾ ದ್ವೀಪದಲ್ಲಿ 8,000 ವರ್ಷ ಹಳೆಯ ಕಲ್ಲಿನ ಮನೆಗಳ ಅಡಿಪಾಯ ಸಿಕ್ಕಿದೆ. 2019ರಲ್ಲಿ ಅಲ್ಲಿನ ಪುರಾತತ್ವ ತಜ್ಞರು ಅದೇ ಜಾಗದಲ್ಲಿ ಸಿಕ್ಕ ಒಂದು ಮುತ್ತನ್ನು ಜಗತ್ತಿನ ಅತಿ ಹಳೆಯ ಮುತ್ತು ಎಂದು ಘೋಷಿಸಿದರು. ಅದು ಸಿಕ್ಕ ಮಣ್ಣಿನ ಪದರದ ಕಾಲ ಕ್ರಿಸ್ತಪೂರ್ವ 5800ರಿಂದ 5600. ಆ ಮುತ್ತನ್ನು ಹೆಕ್ಕಿದವರ ಮುಂದಿದ್ದ ಕಡಲಿಗೆ ಆಗಿನ್ನೂ ಎಳೆ ವಯಸ್ಸು.

2017ರಲ್ಲಿ ಅಬುಧಾಬಿಯ ಒಂದು ಖಾಸಗಿ ಸಂಸ್ಥೆ ಅಂಟಾರ್ಕ್ಟಿಕಾ ಕಡೆಯ ಹರ್ಡ್ ದ್ವೀಪದ ಸುತ್ತಲಿನ ಹಿಮಬಂಡೆಯೊಂದನ್ನು ಹಡಗಿಗೆ ಕಟ್ಟಿ ಫುಜೈರಾ ದಡಕ್ಕೆ ಎಳೆದು ತರುವುದಾಗಿ ಹೇಳಿ ಪತ್ರಿಕೆಗಳಲ್ಲಿ ಭಾರೀ ಸುದ್ದಿಯಾಗಿತ್ತು. ಕುಡಿಯುವ ನೀರಿಗಾಗಿ. ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಧ್ರುವದ ನೀರು ಆ ಊರಿನ ಬಾಗಿಲಿಗೆ ಒಮ್ಮೆ ಪುಕ್ಕಟೆಯಾಗಿ ಬಂದದ್ದನ್ನು ಮಾತ್ರ ಯಾರೂ ನೆನಪಿಸಿಕೊಳ್ಳಲಿಲ್ಲ.

ಮರಾವಾದಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ಕಡಲಲ್ಲಿ ಹೋದರೆ ಬೂ ತೀನಾ. ಒಂದು ದ್ವೀಪ ಅನ್ನುವುದಕ್ಕಿಂತ ಪುಟ್ಟ ದ್ವೀಪಗಳು, ಮರಳ ದಿಬ್ಬಗಳು, ಹವಳದ ಹಾಸುಗಳು ಸೇರಿದ ಒಂದು ಗುಂಪು ಎನ್ನಬೇಕು. ನಡುವೆ ಮೊಣಕಾಲುದ್ದದ ನೀರಿನ ತಿಳಿಕೊಲ್ಲಿಗಳು. ಇಳಿತದ ಹೊತ್ತಿಗೆ ಅರ್ಧ ದ್ವೀಪ ಹೊಸದಾಗಿ ಹುಟ್ಟಿದಂತೆ ಕಾಣುತ್ತದೆ, ಉಬ್ಬರ ಬಂದಾಗ ಮತ್ತೆ ಮುಳುಗುತ್ತದೆ. ಗುಡ್ಡವಿಲ್ಲ, ಬಾವಿಯಿಲ್ಲ. ನಮ್ಮ ಮುರ್ಡೇಶ್ವರದೆದುರಿನ ನೇತ್ರಾಣಿಯಂತೆ ಕಡಿದಾದ ಬಂಡೆ, ಹಸಿರು ಕಾಡು ಏನನ್ನೂ ನಿರೀಕ್ಷಿಸಬೇಡಿ. ಇಲ್ಲಿರುವ ಹಸಿರೆಂದರೆ ಒಂದಿಷ್ಟು ಕಾಂಡ್ಲಾ (ಮ್ಯಾಂಗ್ರೋವ್) ಮಾತ್ರ. ಇನ್ನೂ ಉತ್ತರಕ್ಕೆ 25 ಕಿಲೋಮೀಟರಿನಲ್ಲಿ ಝಿರ್ಕು ದ್ವೀಪ. ಅಲ್ಲಿ ಕಚ್ಚಾತೈಲದ ಟ್ಯಾಂಕುಗಳು, ಕ್ಯಾಂಪುಗಳು, ಪಾಳಿಯಲ್ಲಿ ದುಡಿಯುವ ಜನ. ಹೀಗೆ ಎಣ್ಣೆಗೂ ಹವಳಕ್ಕೂ ನಡುವೆ ಬಸ್ಸಿನಲ್ಲಾದರೆ ಅರ್ಧ ತಾಸಿನ ದೂರ. ಅಬುಧಾಬಿ ಸರ್ಕಾರ 2001ರಲ್ಲಿ ಮರಾವಾ ಸುತ್ತಲಿನ 4,255 ಚದರ ಕಿಲೋಮೀಟರ್ ಪ್ರದೇಶವನ್ನು ಸಂರಕ್ಷಿತ ಕಡಲೆಂದು ಸಾರಿತು, 2007ರಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿಸಿತು. ಬೂ ತೀನಾ ಅದರೊಳಗೇ ಬರುತ್ತದೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಪ್ರವಾಸಿಗರು ಕಾಲಿಡುವಂತಿಲ್ಲ. ಜಗತ್ತಿನ ಏಳು ಹೊಸ ನೈಸರ್ಗಿಕ ಅದ್ಭುತಗಳನ್ನು ಆರಿಸುವ ಸ್ಪರ್ಧೆ ನಡೆದಾಗ ಕೊನೆಯ 28ರ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಯಾರೂ ನೋಡಲಾಗದ ಜಾಗಕ್ಕೆ ಓಟು ಹಾಕಿ ಎಂದು ಕೇಳಿದ್ದು ಬಹುಶಃ ಅದೊಂದೇ ಸಲ.

ಈ ಕಡಲಿನ ಸ್ವಭಾವ ತಿಳಿಯಬೇಕಾದರೆ ಗೋಕರ್ಣದ ಪಕ್ಕದ ಸಾಣಿಕಟ್ಟಾ ಉಪ್ಪಿನಾಗರಗಳನ್ನು ನೆನಪಿಸಿಕೊಳ್ಳಿ. ಒಂದು ಕಡೆಯಿಂದ ಉಪ್ಪುನೀರು ಬಿಡುತ್ತಾರೆ, ಬಿಸಿಲು-ಗಾಳಿ ನೀರನ್ನು ಹೀರುತ್ತವೆ, ಉಳಿದದ್ದು ದಿನೇದಿನೇ ಗಟ್ಟಿ ಉಪ್ಪಾಗುತ್ತದೆ. ಅಬುಧಾಬಿಯಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಆದರೆ ಕೊಲ್ಲಿಯ ಮೇಲ್ಮೈಯಿಂದ ಆವಿಯಾಗುವ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು. ಕಳೆದ ನೀರನ್ನು ತುಂಬಿಕೊಡುವುದು ಹೋರ್ಮುಜ್ ಮೂಲಕ ಬರುವ ಹಿಂದೂ ಮಹಾಸಾಗರ. ಹಾಗಾಗಿ ಸಾಮಾನ್ಯ ಕಡಲಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಅಬುಧಾಬಿ ದಡದ ನೀರಿನಲ್ಲಿ 42ರಿಂದ 45 ಗ್ರಾಂ, ಒಳಗಿನ ಹಿನ್ನೀರುಗಳಲ್ಲಿ ಅದಕ್ಕಿಂತಲೂ ಜಾಸ್ತಿ.

ಈ ಗಟ್ಟಿ ಉಪ್ಪುನೀರು ತೂಕ ಹೆಚ್ಚಾಗಿ ತಳಕ್ಕಿಳಿಯುತ್ತದೆ, ತಳದಲ್ಲೇ ಜಾರಿಕೊಂಡು ಹೋಗಿ ಹೋರ್ಮುಜ್ ದಾಟಿ ಹೊರಬೀಳುತ್ತದೆ. ಮೇಲಿನಿಂದ ತಿಳಿನೀರು ಒಳಕ್ಕೆ, ಕೆಳಗಿನಿಂದ ಗಟ್ಟಿನೀರು ಹೊರಕ್ಕೆ. ಇದೇ ಯಂತ್ರ ಅಂಟಾರ್ಕ್ಟಿಕಾದ ಅಂಚಿನಲ್ಲೂ ಓಡುತ್ತಿದೆ. ಅಲ್ಲಿ ನೀರನ್ನು ಕಸಿಯುವುದು ಬಿಸಿಲಲ್ಲ, ಚಳಿ. ಕಡಲು ಹೆಪ್ಪುಗಟ್ಟುವಾಗ ಮಂಜುಗಡ್ಡೆ ಹೆಚ್ಚಿನ ಉಪ್ಪನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಹೊರಗೆ ಬಿಡುತ್ತದೆ. ಸುತ್ತಲಿನ ನೀರು ಗಟ್ಟಿಯಾಗಿ, ಭಾರವಾಗಿ, ಸಾಗರದ ತಳ ಸೇರುತ್ತದೆ. ಒಂದು ಕಡೆ ಆವಿ, ಇನ್ನೊಂದು ಕಡೆ ಹಿಮ. ಉಪ್ಪಿನ ಲೆಕ್ಕ ಮಾತ್ರ ಒಂದೇ.

ಧ್ರುವಕ್ಕೂ ಇಲ್ಲಿಗೂ ಇನ್ನೊಂದು ಸಾಮ್ಯ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು: ಮಿತಿ ಮೀರಿದ ಜಾಗಗಳಲ್ಲಿ ಜೀವಜಾತಿಗಳು ಕಡಿಮೆ, ಆದರೆ ತಡೆದುಕೊಂಡ ಜಾತಿಯ ಸಂಖ್ಯೆ ದಂಡಿ. ಅಂಟಾರ್ಕ್ಟಿಕಾ ದಡದಲ್ಲಿ ಪೆಂಗ್ವಿನ್ ಜಾತಿಗಳು ಬೆರಳೆಣಿಕೆಯಷ್ಟು, ಪೆಂಗ್ವಿನ್‌ಗಳು ಲಕ್ಷಾಂತರ. ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ ನೂರಾರು ಬಗೆಯ ಹವಳಗಳಿದ್ದರೆ ಅಬುಧಾಬಿಯ ಕಡಲಲ್ಲಿ ಗಡಸು-ಮೆದು ಎರಡೂ ಸೇರಿ 34 ಬಗೆ. ಕಡಲಹುಲ್ಲಿನಲ್ಲಿ ಬರೀ ಮೂರು ಜಾತಿ, ಆದರೆ ಹಬ್ಬಿರುವುದು ಸುಮಾರು 3,000 ಚದರ ಕಿಲೋಮೀಟರ್. ದಡದ ಮರವೆಂದರೆ ಒಂದೇ ಜಾತಿಯ ಕಾಂಡ್ಲಾ. ಅರಬರು ಖುರ್ಮ್ ಎನ್ನುವ ಈ ಮರದ ಎಲೆಯನ್ನು ಬೆಳಗಿನ ಹೊತ್ತು ಮುಟ್ಟಿ ನೋಡಿ. ಬೆರಳಿಗೆ ಸಣ್ಣ ಹರಳುಗಳು ಅಂಟುತ್ತವೆ, ನಾಲಿಗೆಗೆ ತಾಗಿಸಿದರೆ ಅಪ್ಪಟ ಉಪ್ಪು. ಬೇರಿನಲ್ಲೇ ಹೆಚ್ಚಿನ ಉಪ್ಪನ್ನು ಸೋಸಿ ತಡೆಯುವ ಮರ, ಹಾಗಿದ್ದೂ ನುಸುಳಿ ಬಂದದ್ದನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಬೆವರಿನಂತೆ ಹೊರಹಾಕುತ್ತದೆ. ಬುಡದ ಸುತ್ತ ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟಂತೆ ಸಾವಿರಾರು ಉಸಿರುಬೇರುಗಳು ಎದ್ದು ನಿಂತಿರುತ್ತವೆ.

ಹವಳದ ಕಥೆ ಇನ್ನೂ ವಿಚಿತ್ರ. ಬೇರೆ ಕಡೆಯ ಹವಳಗಳು ನೀರು 30-31 ಡಿಗ್ರಿ ದಾಟಿ ಕೆಲವು ವಾರ ನಿಂತರೆ ಬಿಳಿಚಿಕೊಳ್ಳುತ್ತವೆ. ತಮ್ಮ ಮೈಯೊಳಗಿದ್ದುಕೊಂಡು ಅನ್ನ ಉಣಿಸುವ ಪಾಚಿಯನ್ನು ಹೊರದಬ್ಬಿ, ಮೆಲ್ಲಗೆ ಸಾಯುತ್ತವೆ. ಅಬುಧಾಬಿಯ ಹವಳಗಳು ಬೇಸಿಗೆಯಲ್ಲಿ 35 ಡಿಗ್ರಿಯನ್ನೂ, ಚಳಿಗಾಲದಲ್ಲಿ 18ಕ್ಕಿಂತ ಕೆಳಗಿನ ತಂಪನ್ನೂ ಪ್ರತಿವರ್ಷ ಉಂಡು ಬದುಕುತ್ತವೆ. ಇದರ ಗುಟ್ಟು ಹುಡುಕುತ್ತ ಹೋದ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಬುಧಾಬಿ ಶಾಖೆಯ ವಿಜ್ಞಾನಿಗಳು 2015ರಲ್ಲಿ ಒಂದು ಹೊಸ ಪಾಚಿಯನ್ನು ಗುರುತಿಸಿ, ಬಿಸಿಯನ್ನು ಪ್ರೀತಿಸುವುದು ಎಂಬರ್ಥದ ‘ಥರ್ಮೋಫೈಲಮ್’ ಎಂಬ ಹೆಸರಿಟ್ಟರು. ಮರುವರ್ಷ ಅದರ ವಂಶಾವಳಿಯನ್ನು ಜಾಲಾಡಿದಾಗ ತಿಳಿದದ್ದು ಇಷ್ಟು: ಈ ಪಾಚಿಯ ಪೂರ್ವಜರು ಗಲ್ಫ್‌ನ ಹೊರಗೆ ಅಲ್ಲಲ್ಲಿ, ಅಪರೂಪಕ್ಕೆ ಇದ್ದವರು. ಹಿಮ ಕರಗಿ ಕೊಲ್ಲಿ ತುಂಬಿ, ನೀರು ಕಾದು ಉಪ್ಪಾದ ಮೇಲೆ ಇವರಿಗೆ ಕಾಲ ಕೂಡಿ ಬಂತು, ಇಡೀ ಕೊಲ್ಲಿಗೆ ಹರಡಿದರು. ಅದೂ ಕಳೆದ 6,000 ವರ್ಷಗಳಲ್ಲಿ. ವಿಕಾಸದ ಗಡಿಯಾರದಲ್ಲಿ ಇದು ರೆಪ್ಪೆ ಬಡಿಯುವಷ್ಟು ಹೊತ್ತು.

ಹಾಗಾದರೆ ಈ ಗಟ್ಟಿಗ ಹವಳಗಳನ್ನು ಕಿತ್ತು ಲಕ್ಷದ್ವೀಪದಲ್ಲಿ ನೆಟ್ಟರೆ ಬಿಸಿಯಾಗುತ್ತಿರುವ ಕಡಲನ್ನು ಗೆದ್ದಂತೆ ಅಲ್ಲವೇ? ಅಷ್ಟು ಸುಲಭವಿಲ್ಲ. ಪ್ರಯೋಗಾಲಯದಲ್ಲಿ ಇವುಗಳನ್ನು ಸಾಮಾನ್ಯ ಉಪ್ಪಿನ ನೀರಿಗೆ ಹಾಕಿ ಕಾಯಿಸಿ ನೋಡಿದಾಗ ಅವುಗಳ ತಾಳಿಕೆ ಉಳಿಯಲಿಲ್ಲ. ಉಪ್ಪು ಇದ್ದರೆ ಮಾತ್ರ ಬಿಸಿ ತಡೆಯುವ ಜೀವ ಅದು. ಧ್ರುವದ ಮೀನನ್ನು ಮಂಗಳೂರಿನ ಕಡಲಿಗೆ ಬಿಟ್ಟರೆ ಬದುಕುವುದಿಲ್ಲವಷ್ಟೆ, ಇದೂ ಹಾಗೆ ತನ್ನ ಮಿತಿಗೆ ಕಟ್ಟುಬಿದ್ದದ್ದು.

ತಾಳಿಕೆಗೂ ಒಂದು ಕೊನೆಯಿದೆ. ಗಲ್ಫ್‌ನಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಗಾಳಿಯನ್ನು ಅಲ್ಲಿ ನೆಲೆಸಿದ ನಮ್ಮವರು ಶಪಿಸುವುದೇ ಹೆಚ್ಚು: ಕಿಟಕಿ ಸಂದಿಯಲ್ಲಿ ಧೂಳು, ಕಾರಿನ ಮೇಲೆ ಧೂಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೆಲ್ಲ ಧೂಳು. ಕಡಲಿಗೆ ಮಾತ್ರ ಬೇಸಿಗೆಯ ಶಮಾಲ್ ದೊಡ್ಡ ಉಪಕಾರಿ. ಒಣಗಾಳಿ ಬೀಸಿದಷ್ಟೂ ನೀರು ಆವಿಯಾಗುತ್ತದೆ, ಆವಿಯಾಗುತ್ತ ಶಾಖ ಒಯ್ಯುತ್ತದೆ. 2017ರ ಬೇಸಿಗೆಯಲ್ಲಿ ಶಮಾಲ್ ದುರ್ಬಲವಾಯಿತು. ನೀರು 36 ಡಿಗ್ರಿ ದಾಟಿ ಅಲ್ಲೇ ನಿಂತಿತು. ಅಬುಧಾಬಿಯ ಸಮೀಕ್ಷಿತ ದಿಬ್ಬಗಳಲ್ಲಿ ಶೇಕಡಾ 94ರಷ್ಟು ಹವಳ ಬಿಳಿಚಿತು, ಮರು ಬೇಸಿಗೆಯೊಳಗೆ ಮೂರರಲ್ಲಿ ಎರಡು ಪಾಲು ಇಲ್ಲವಾಯಿತು. ಅದೇ ಗಾಳಿ ಚಳಿಗಾಲದಲ್ಲಿ ಕೊಲ್ಲುವುದೂ ಉಂಟು. 1964ರ ಜನವರಿಯಲ್ಲಿ ಬೀಸಿದ ಕೊರೆಯುವ ಶಮಾಲ್ ಕತಾರ್ ಕಡೆಯ ಕೊಂಬುಹವಳಗಳನ್ನು ತಣ್ಣಗಾಗಿಸಿ ಸಾಯಿಸಿತ್ತು.

ಇನ್ನು ಕಡಲಹಸು. ಬೂ ತೀನಾದ ಹೆಸರು ಹೇಳಿದರೆ ಮೊದಲು ನೆನಪಾಗಬೇಕಾದದ್ದು ಈ ಪ್ರಾಣಿ. ಇಂಗ್ಲಿಷಿನಲ್ಲಿ ಡ್ಯೂಗಾಂಗ್. ಮೂರು ಮೀಟರ್ ಉದ್ದ, ನಾನೂರು ಕಿಲೋ ತೂಕ, ಪೂರಾ ಸಸ್ಯಾಹಾರಿ. ಯುಎಇ ಕಡಲಲ್ಲಿ ಸುಮಾರು 3,000 ಇವೆ, ಆಸ್ಟ್ರೇಲಿಯಾ ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ಸಂಖ್ಯೆ; ಅದರಲ್ಲಿ ಸುಮಾರು 600 ಬೂ ತೀನಾದ ಸುತ್ತಮುತ್ತ. ಮೇಯುವ ರೀತಿ ನೋಡಬೇಕು. ಗಟ್ಟಿ ರೋಮಗಳ ದಪ್ಪ ಮೇಲ್ದುಟಿಯನ್ನು ಮರಳಿಗೆ ಒತ್ತಿ, ಹುಲ್ಲನ್ನು ಬೇರು ಸಮೇತ ಕಿತ್ತು, ತಲೆ ಅಲುಗಿಸಿ ಮರಳು ಕೊಡವಿ ನುಂಗುತ್ತ, ನೆಟ್ಟಗೆ ಮುಂದೆ ಹೋಗುತ್ತದೆ. ಹಿಂದೆ ಗೇಣಗಲದ ಬೋಳು ಗೆರೆ ಉಳಿಯುತ್ತದೆ. ತಿಳಿನೀರಿನ ಮೇಲೆ ವಿಮಾನದಲ್ಲಿ ಹಾರುವ ಸಮೀಕ್ಷಕರಿಗೆ ಹುಲ್ಲುಗಾವಲಿನ ತುಂಬ ಈ ಗೆರೆಗಳು ಕಾಣುತ್ತವೆ. ದಿನಕ್ಕೆ ಸುಮಾರು 40 ಕಿಲೋ ಮೇವು ಬೇಕು. 70 ವರ್ಷ ಬದುಕಬಲ್ಲದು, ಆದರೆ ಗರ್ಭ 13-14 ತಿಂಗಳು, ಒಂದು ಸಲಕ್ಕೆ ಒಂದೇ ಕರು, ಮುಂದಿನ ಕರುವಿಗೆ ಮೂರರಿಂದ ಏಳು ವರ್ಷ. ಹೀಗೆ ನಿಧಾನಕ್ಕೆ ಹೆಚ್ಚುವ ಪ್ರಾಣಿಗೆ ಒಂದೊಂದು ಸಾವೂ ದುಬಾರಿ. ಯುಎಇಯಲ್ಲಿ ಬೇಟೆ ನಿಷಿದ್ಧ, 1999ರ ಫೆಡರಲ್ ಕಾನೂನಿದೆ. ಈಗ ಕೊಲ್ಲುವುದು ಹೆಚ್ಚಾಗಿ ಬಲೆ. ಮೀನಿಗೆಂದು ತೇಲಿಬಿಟ್ಟ, ಇಲ್ಲವೇ ಹರಿದು ಬಿಟ್ಟುಹೋದ ಬಲೆಗೆ ಸಿಕ್ಕಿದ ಕಡಲಹಸು ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ.

ಬಿಸಿಗಿಂತ ಚಳಿಯೇ ಇದಕ್ಕೆ ಹೆಚ್ಚು ಕಷ್ಟ. ನೀರು 18 ಡಿಗ್ರಿ ಹತ್ತಿರ ಬಂದರೆ ಒದ್ದಾಡುತ್ತದೆ. ಗಲ್ಫ್ ಇದರ ವಾಸಸ್ಥಾನದ ಉತ್ತರದ ಅಂಚುಗಳಲ್ಲೊಂದು. 1986ರ ಚಳಿಗಾಲದಲ್ಲಿ ಬಹ್ರೇನ್-ಕತಾರ್ ನಡುವೆ 600ಕ್ಕೂ ಹೆಚ್ಚು ಕಡಲಹಸುಗಳ ಒಂದೇ ಹಿಂಡು ವಿಮಾನದಿಂದ ಕಂಡು ತಜ್ಞರೇ ಬೆರಗಾಗಿದ್ದರು.

ಇದರ ಅತ್ಯಂತ ಹತ್ತಿರದ ನೆಂಟ ಬದುಕಿದ್ದು ಮಾತ್ರ ಹಿಮದ ಸೀಮೆಯಲ್ಲಿ. ರಷ್ಯಾದ ಪೂರ್ವ ತುದಿಯಾಚೆ, ಬೇರಿಂಗ್ ಕಡಲಿನ ಒಂದು ನಿರ್ಜನ ದ್ವೀಪದಲ್ಲಿ 1741ರ ನವೆಂಬರಿನಲ್ಲಿ ಅನ್ವೇಷಕ ವೈಟಸ್ ಬೇರಿಂಗನ ಹಡಗು ದಡಕ್ಕೆ ಅಪ್ಪಳಿಸಿತು. ಬೇರಿಂಗ್ ಅಲ್ಲೇ ತೀರಿಕೊಂಡ. ಹಡಗಿನಲ್ಲಿದ್ದ ಜರ್ಮನ್ ನಿಸರ್ಗತಜ್ಞ ಜಾರ್ಜ್ ವಿಲ್ಹೆಲ್ಮ್ ಸ್ಟೆಲ್ಲರ್ ಬದುಕುಳಿದು, ದ್ವೀಪದ ಕೊಲ್ಲಿಗಳಲ್ಲಿ ಪಾಚಿ ಮೇಯುತ್ತಿದ್ದ ದೈತ್ಯ ಕಡಲಹಸುವಿನ ವಿವರ ಬರೆದಿಟ್ಟ. ಎಂಟು ಮೀಟರಿನಷ್ಟು ಉದ್ದ, ಟನ್ನುಗಟ್ಟಲೆ ತೂಕ, ಬಾಯಲ್ಲಿ ಹಲ್ಲೇ ಇಲ್ಲ. ಸಾಧು ಪ್ರಾಣಿ, ಮಾಂಸ ರುಚಿ. ಸುದ್ದಿ ಹರಡಿದ್ದೇ ತಡ, ತುಪ್ಪಳದ ಬೇಟೆಗಾರರು ಆ ದಾರಿಯಲ್ಲಿ ಬಂದು ಇದನ್ನೇ ಬುತ್ತಿ ಮಾಡಿಕೊಂಡರು. 1768ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ವಿಜ್ಞಾನಕ್ಕೆ ಪರಿಚಯವಾದ 27 ವರ್ಷದಲ್ಲಿ ಭೂಮಿಯಿಂದಲೇ ಮಾಯ.

ಗಲ್ಫ್‌ನವರೂ ಕಡಲಹಸುವನ್ನು ತಿಂದವರೇ, ಅದೂ ಸಾವಿರಾರು ವರ್ಷ. ಉಮ್ ಅಲ್ ಖುವೈನ್‌ನ ಅಕಾಬ್ ದ್ವೀಪದಲ್ಲಿ ಫ್ರೆಂಚ್ ಪುರಾತತ್ವಜ್ಞರು ಅಗೆದಾಗ ಸುಮಾರು 40 ಕಡಲಹಸುಗಳ ಮೂಳೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟ ಗುಡ್ಡೆಯೊಂದು ಸಿಕ್ಕಿತು. ಸುಮಾರು 5,500 ವರ್ಷ ಹಳೆಯದು. ಬುರುಡೆಗಳು ಸಾಲಾಗಿ, ಪಕ್ಕೆಲುಬುಗಳು ಓರಣವಾಗಿ, ನಡುವೆ ಮಣಿ, ಆಭರಣ. ತಿಂದೆಸೆದ ಕಸದ ರಾಶಿ ಹಾಗಿರುವುದಿಲ್ಲ. ಅದೊಂದು ಪೂಜೆಯ ಜಾಗವೆಂದು ಅಗೆದವರ ಅಭಿಪ್ರಾಯ. ಅಲ್ಲಿಯವರ ಬೇಟೆ ದೋಣಿಯ ಅಳತೆಯದಾಗಿತ್ತು. ಬೇರಿಂಗ್ ದ್ವೀಪಕ್ಕೆ ಬಂದವರದು ಅಂಗಡಿಯ ಅಳತೆ.

ಹಕ್ಕಿಗಳತ್ತ ಬಂದರೆ ಬೂ ತೀನಾ ನಿಜಕ್ಕೂ ಧ್ರುವದ್ವೀಪದಂತೆ ಕಾಣತೊಡಗುತ್ತದೆ. ಸೊಕೊಟ್ರಾ ನೀರುಕಾಗೆಗಳು ಸಾವಿರಗಟ್ಟಲೆ ಕರ್ರಗೆ ನೆಲ ಮುಚ್ಚಿ ನಿಂತಿರುವ ಚಿತ್ರವನ್ನು ಬಣ್ಣ ತೆಗೆದು ತೋರಿಸಿದರೆ ಪೆಂಗ್ವಿನ್ ಎಂದೇ ಹೇಳುತ್ತೀರಿ. ಗಲ್ಫ್ ಮತ್ತು ಒಮಾನ್ ಬಿಟ್ಟರೆ ಇವು ಮರಿ ಮಾಡುವ ಜಾಗಗಳು ಬಹಳ ಕಡಿಮೆ. ಮರವಿಲ್ಲದ್ದರಿಂದ ಬಯಲು ನೆಲದಲ್ಲೇ ಗೂಡು. ಯುಎಇಯ ದೊಡ್ಡ ವಸಾಹತು ಸಿನಿಯಾ ದ್ವೀಪದಲ್ಲಿ, ಅಲ್ಲಿ ಮೊಟ್ಟೆಯಿಡುವ ಕಾಲ ಶುರುವಾಗುವುದು ಬೇಸಿಗೆ ಕಳೆದ ಮೇಲೆ. ಎಂಪರರ್ ಪೆಂಗ್ವಿನ್ ಮರಿಯನ್ನು ಚಳಿಯಿಂದ ಕಾಪಾಡಲು ಹೊಟ್ಟೆಯಡಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ತಾಯಿ-ತಂದೆ ಬಿಸಿಲಿಗೆ ಬೆನ್ನೊಡ್ಡಿ, ಗಂಟಲ ಚರ್ಮವನ್ನು ಪಟಪಟನೆ ಅದುರಿಸಿ ಶಾಖ ಕಳೆದುಕೊಳ್ಳುತ್ತ, ಮರಿಗೆ ನೆರಳಾಗಿ ನಿಲ್ಲುತ್ತವೆ.

ಕ್ರ್ಯಾಬ್ ಪ್ಲವರ್ ಇನ್ನೂ ಜಾಣ. ಕಡಲತೀರದ ನಡೆಹಕ್ಕಿಗಳಲ್ಲಿ ನೆಲದಡಿ ಬಿಲ ತೋಡಿ ಮೊಟ್ಟೆಯಿಡುವುದು ಇದೊಂದೇ. ಬಿಲದ ಮರಳು ಬಿಸಿಲಿಗೆ ಹದವಾಗಿ ಕಾದು ತಾನೇ ಕಾವು ಕೊಡುತ್ತದೆ. ಯಾರ ಕಣ್ಣಿಗೂ ಬೀಳದ ಮೊಟ್ಟೆಗೆ ಚುಕ್ಕೆ-ಪಟ್ಟೆಯ ವೇಷ ಬೇಡವಾಗಿ ಅದು ಅಚ್ಚ ಬಿಳಿ. ಚಳಿಗಾಲದಲ್ಲಿ ಕಛ್ ಖಾರಿಯಲ್ಲೂ ಈ ಹಕ್ಕಿ ಕಾಣಸಿಗುತ್ತದೆ.

ಸೂಟಿ ಫಾಲ್ಕನ್ ಎಂಬ ಬೂದುಬಣ್ಣದ ಚಾಣ ಅಬುಧಾಬಿಯ ಕೆಲವೇ ದ್ವೀಪಗಳಲ್ಲಿ ಬೆರಳೆಣಿಕೆಯ ಜೋಡಿಗಳಷ್ಟು ಉಳಿದಿದೆ. ಬೇರೆ ಬಹಳಷ್ಟು ಹಕ್ಕಿಗಳ ಮರಿ ಹಾರಿಹೋದ ಮೇಲೆ, ಜುಲೈ-ಆಗಸ್ಟಿನ ಸುಡು ಬಿಸಿಲಲ್ಲಿ ಇದು ಮೊಟ್ಟೆಯಿಡುತ್ತದೆ. ಹುಚ್ಚಲ್ಲ, ಲೆಕ್ಕಾಚಾರ. ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಉತ್ತರದಿಂದ ವಲಸೆ ಹೊರಟ ಸಣ್ಣ ಹಕ್ಕಿಗಳ ಮೊದಲ ತಂಡಗಳು ದಣಿದು ಕಡಲು ದಾಟುತ್ತಿರುತ್ತವೆ. ಆ ಊಟ ಮುಗಿಸಿ ಇವೂ ಮಡಗಾಸ್ಕರಿಗೆ ಹೊರಡುತ್ತವೆ.

ಬೂ ತೀನಾಕ್ಕೆ ನಿಮಗಾಗಲೀ ನನಗಾಗಲೀ ಪ್ರವೇಶವಿಲ್ಲ. ಅದಕ್ಕೆ ಬದಲು ದುಬೈನಲ್ಲೇ ರಸ್ ಅಲ್ ಖೋರ್ ಇದೆ. ಖೋರ್ ಎಂಬ ಕಡಲತೋಳು ಒಳನಾಡಿನಲ್ಲಿ ಕೊನೆಯಾಗುವಲ್ಲಿ, ಹೆದ್ದಾರಿಗಳ ನಡುವೆ, ಬುರ್ಜ್ ಖಲೀಫಾ ಕಾಣುವಷ್ಟು ಹತ್ತಿರದಲ್ಲಿ ಆರು ಚದರ ಕಿಲೋಮೀಟರಿನಷ್ಟು ಕೆಸರುಬಯಲು, ಕಾಂಡ್ಲಾ, ಉಪ್ಪುನೆಲ. 2007ರಿಂದ ರಾಮ್ಸರ್ ಒಪ್ಪಂದದಡಿ ಗುರುತಿಸಿದ ಜೌಗು ತಾಣ. ರಜಾದಿನ ಮಕ್ಕಳನ್ನು ಕರೆದುಕೊಂಡು ಬರುವವರೆಲ್ಲ ಫ್ಲೆಮಿಂಗೋ ನೋಡಿ, ಫೋಟೋ ತೆಗೆದು, ವಾಪಸಾಗುತ್ತಾರೆ. ಅಬುಧಾಬಿಯ ಅಲ್ ವತ್ಬಾದಲ್ಲೂ ಅಷ್ಟೇ. ಅಲ್ಲಿ 1998ರಲ್ಲಿ ಫ್ಲೆಮಿಂಗೋ ಮರಿ ಮಾಡಿದ್ದರಿಂದಲೇ ಆಗಿನ ಯುಎಇ ಅಧ್ಯಕ್ಷ ಶೇಖ್ ಜಾಯೆದ್ ಆ ಜಾಗವನ್ನು ರಕ್ಷಿತವೆಂದು ಘೋಷಿಸಿದರು. ಧ್ರುವ ನೋಡಬೇಕೆನಿಸಿದರೆ ಜನ ಮಾಲ್‌ಗೆ ಹೋಗುತ್ತಾರೆ. 2012ರಿಂದ ದುಬೈನ ಮಾಲ್ ಒಂದರ ಕೃತಕ ಹಿಮದಲ್ಲಿ ಪೆಂಗ್ವಿನ್‌ಗಳಿವೆ, ಟಿಕೆಟ್ ಕೊಟ್ಟು, ಕೋಟು ಹಾಕಿಕೊಂಡು ನೋಡಬಹುದು.

ಧ್ರುವದ ಅಸಲಿ ನೆಂಟರು ರಸ್ ಅಲ್ ಖೋರಿನ ಫ್ಲೆಮಿಂಗೋ ಕಾಲಬುಡದಲ್ಲಿ ಓಡಾಡುತ್ತಿರುತ್ತಾರೆ. ಬೂದು ಪ್ಲವರ್, ಬಾಗಿದ ಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್, ಉದ್ದ ಕೊಕ್ಕಿನ ಗಾಡ್ವಿಟ್, ಎಲ್ಲಕ್ಕಿಂತ ಚಿಕ್ಕದು ಲಿಟಲ್ ಸ್ಟಿಂಟ್. ಇವುಗಳ ತವರು ಉತ್ತರ ಸೈಬೀರಿಯಾ, ತೈಮೀರ್ ಕಡೆಯ ಹಿಮಬಯಲು. ಇಲ್ಲಿಂದ ಐದು ಸಾವಿರ ಕಿಲೋಮೀಟರಿಗೂ ದೂರ. ಜೂನ್-ಜುಲೈಯಲ್ಲಿ ಅಲ್ಲಿ ಹಿಮ ಸರಿದು ನೆಲ ಕಾಣುವ ಕೆಲವು ವಾರಗಳಲ್ಲಿ ಹುಳುಗಳು ಉಕ್ಕುತ್ತವೆ, ಅಷ್ಟರಲ್ಲೇ ಮೊಟ್ಟೆ-ಮರಿ ಮುಗಿಯಬೇಕು. ಆಗಸ್ಟಿಗೆ ದಕ್ಷಿಣದ ದಾರಿ. ಕೆಲವು ಗಲ್ಫ್‌ನಲ್ಲಿ ಉಳಿಯುತ್ತವೆ, ಕೆಲವು ಮುಂದೆ ಆಫ್ರಿಕಾಕ್ಕೆ ಹೋಗುತ್ತವೆ. ಇದೇ ಜಾತಿಗಳ ಬೇರೆ ಗುಂಪುಗಳು ನಮ್ಮ ಕರಾವಳಿಯ ಅಳಿವೆಗಳಿಗೂ ಇಳಿಯುತ್ತವೆ.

ಇವುಗಳ ವರ್ಷದ ಲೆಕ್ಕ ಎರಡು ತುದಿಗಳ ಮೇಲೆ ನಿಂತಿದೆ. ಆಫ್ರಿಕಾದ ಮಾರಿಟಾನಿಯಾದಲ್ಲಿ ಚಳಿಗಾಲ ಕಳೆಯುವ ತೈಮೀರಿನ ರೆಡ್ ನಾಟ್ ಹಕ್ಕಿಗಳ ಬಗ್ಗೆ 2016ರಲ್ಲಿ ಡಚ್ ವಿಜ್ಞಾನಿಗಳ ಒಂದು ಅಧ್ಯಯನ ಬಂತು. ತೈಮೀರಿನಲ್ಲಿ ಹಿಮ ಬೇಗ ಕರಗತೊಡಗಿ, ಹುಳುಗಳ ಸುಗ್ಗಿ ಮರಿಗಳು ಹುಟ್ಟುವ ಮೊದಲೇ ಮುಗಿಯುತ್ತಿದೆ. ಅರೆಹೊಟ್ಟೆಯಲ್ಲಿ ಬೆಳೆದ ಮರಿಗಳು ಗಾತ್ರದಲ್ಲಿ ಸಣ್ಣ, ಕೊಕ್ಕೂ ಗಿಡ್ಡ. ಅದರ ಪೆಟ್ಟು ಬೀಳುವುದು ಸಾವಿರಾರು ಕಿಲೋಮೀಟರ್ ಆಚೆ ಬಿಸಿಲ ನಾಡಿನಲ್ಲಿ: ಕೆಸರಿನ ಆಳದಲ್ಲಿರುವ ಚಿಪ್ಪಿಗೆ ಗಿಡ್ಡ ಕೊಕ್ಕು ಎಟುಕುವುದಿಲ್ಲ. ಕಡಲಹುಲ್ಲಿನ ಬೇರು ತಿಂದು ಹೊಟ್ಟೆ ಹೊರೆಯಬೇಕು, ಬಹಳಷ್ಟು ಮರಿಗಳು ಮೊದಲ ವರ್ಷ ದಾಟುವುದಿಲ್ಲ.

ರಸ್ ಅಲ್ ಖೋರಿಗೆ ಹೋಗುವುದಾದರೆ ಅಕ್ಟೋಬರಿನಿಂದ ಮಾರ್ಚಿನೊಳಗೆ ಹೋಗಿ. ಉಬ್ಬರ-ಇಳಿತದ ವೇಳೆ ಫೋನಿನಲ್ಲೇ ಸಿಗುತ್ತದೆ. ನೀರು ಇಳಿಯತೊಡಗಿದ ಮೊದಲ ಒಂದೆರಡು ತಾಸು ಒಳ್ಳೆಯದು, ಆಗ ಹಸಿ ಕೆಸರು ತೆರೆದುಕೊಂಡು ಹಕ್ಕಿಗಳು ದಡಕ್ಕೆ ಹತ್ತಿರ ಬರುತ್ತವೆ. ಮರೆಮನೆಯಲ್ಲಿ ಇಟ್ಟ ದುರ್ಬೀನನ್ನು ಗುಲಾಬಿ ಕಾಲುಗಳಿಂದ ಕೆಳಕ್ಕಿಳಿಸಿ, ಎಡಬಿಡದೆ ಕೆಸರು ಕುಟ್ಟುತ್ತಿರುವ, ಗುಬ್ಬಚ್ಚಿಯಷ್ಟಿರುವ ಹಕ್ಕಿಯ ಮೇಲೆ ನಿಲ್ಲಿಸಿ. ಕರಿ ಕಾಲು, ಗಿಡ್ಡ ಕರಿ ಕೊಕ್ಕು, ಬೂದು ಬೆನ್ನು, ಬಿಳಿ ಹೊಟ್ಟೆ. ಅದು ಲಿಟಲ್ ಸ್ಟಿಂಟ್. ತೂಕ 25 ಗ್ರಾಂ ಆಸುಪಾಸು. ಏಪ್ರಿಲ್ ಬಂತೆಂದರೆ ಬೂದು ಬೆನ್ನಿಗೆ ಕಂದು-ಕೆಂಪು ಗರಿ ಮೂಡುತ್ತದೆ, ದಾರಿಗೆ ಬೇಕಾದ ಕೊಬ್ಬು ಸೇರುತ್ತದೆ, ಮೇ ಮುಗಿಯುವುದರೊಳಗೆ ಬಹುಪಾಲು ಹೊರಟುಹೋಗಿರುತ್ತವೆ.